ರೇಣುಕವ್ವನ ಖಾಲಿ ಹಣೆ

ರೇಣುಕವ್ವ ಬ್ಯಾಡಗಿಯ ಸೊಸೆ. ತವರುಮನೆ ರಾಣೆಬೆನ್ನೂರಿನ ಹತ್ತಿರ ಹಲಗೇರಿ. ಗಂಡ ಫಕ್ಕೀರಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾನೆ. ಮನೆಯಲ್ಲಿ ಅತ್ತೆ ಗದಿಗೆವ್ವ, ಸಾಲಿಗೆ ಹೋಗುವ ಎರಡು ಮಕ್ಕಳು. ಇಷ್ಟೇ ಮನೆತನ.

ಅವಳು ನನ್ನ ಪಕ್ಕ ಬಂದು ಕುಂತದ್ದು ಎರಡು ಸಾವಿರದ ಆರನೇ ಇಸವಿ. ನಮ್ಮ ಮನೆಯವರು ಹೋಗಿ ಆಗ ವರ್ಷ ತುಂಬಿರಲಿಲ್ಲ. ಎದೆ ಹಿಡಿದುಕೊಂಡಿತು ಅಂದರು, ಹಾವೇರಿಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟರು. ದಿವಸ ಮುಗಿದ ಮೇಲೆ ನಾನು ಮತ್ತೆ ಗೋದಾಮಿನ ಕೆಲಸಕ್ಕೆ ಹೋದೆ. ಹೊಟ್ಟೆ ಕೇಳಬೇಕಲ್ಲ. ಅಲ್ಲಿ ಹೆಂಗಸರು ಸಾಲಾಗಿ ಕೂಡುತ್ತೇವೆ. ಒಣ ಮೆಣಸಿನಕಾಯಿಯ ತೊಟ್ಟು ಮುರಿದು ಬೇರೆ ಹಾಕಬೇಕು. ಅದಕ್ಕೆ ತುಂಬು ಬಿಡಿಸೋದು ಅಂತೀವಿ. ನಾನು ಹೋದಾಗ ನನ್ನ ಹಳೇ ಜಾಗದಲ್ಲಿ ಬೇರೆಯವರು ಕುಂತಿದ್ದರು. ಬಾ ಅಂತ ಯಾರೂ ಅನ್ನಲಿಲ್ಲ. ಗೋಡೆ ಕಡೆ, ಕೊನೆಗೆ ಹೋಗಿ ಕುಂತೆ. ಹೊಸದಾಗಿ ಗಂಡ ಸತ್ತವಳ ಮುಖ ಬೆಳಿಗ್ಗೆ ನೋಡಲು ಯಾರಿಗೂ ಬೇಡ. ನನಗೂ ಯಾರ ಮುಖವೂ ಬೇಡಾಗಿತ್ತು.

ರೇಣುಕವ್ವ ಹೊಸಬಳು. ಉಳಿದ ಜಾಗ ನನ್ನ ಪಕ್ಕದ್ದೇ. ಬಂದು ಕುಂತಳು.

ಮೊದಲ ದಿನವೇ ಎಲ್ಲರೂ ಮಾಡುವ ತಪ್ಪು ಮಾಡಿದಳು. ಮಧ್ಯಾಹ್ನ ರೊಟ್ಟಿ ತಿನ್ನಲು ಎದ್ದು ನಳದ ಕೆಳಗೆ ಕೈ ಹಿಡಿದಳು. ಖಾರ ಬರೀ ನೀರಿಗೆ ಹೋಗುವುದಿಲ್ಲ, ಇನ್ನಷ್ಟು ಹರಡುತ್ತದೆ. ಕೈ ಝಾಡಿಸುತ್ತ ಅಂಗಳದಲ್ಲಿ ಕುಣಿದಳು.

"ಯವ್ವಾ, ಉರಿ! ಉರಿ!"

ಪ್ರೇಮವ್ವ ಸಾಲಿನಿಂದಲೇ ಕೂಗಿದಳು. ಅವಳ ಬಾಯಿಗೆ ನಮ್ಮ ಗೋದಾಮಿನಲ್ಲಿ ಗುಮಾಸ್ತರೂ ಅಂಜುತ್ತಾರೆ. "ಈಗ ನೀ ಒಬ್ಬಾಕಿ ಕುಣೀತಿ. ಮನಿಗೆ ಹೋಗಿ ಗಂಡನ್ನ ಮುಟ್ಟು, ಅವನೂ ಕುಣೀತಾನ."

ಎಲ್ಲರೂ ನಕ್ಕರು. ನಾನು ನನ್ನ ಎಣ್ಣೆ ಬಾಟಲಿ ಕೊಟ್ಟೆ.

"ಮೊದಲ ಎಣ್ಣಿ ತಿಕ್ಕು. ಬೆರಳ ಸಂದಿ, ಉಗುರಿನ ಬುಡ, ಎಲ್ಲಾ ತಿಕ್ಕು. ಆಮ್ಯಾಲ ಸಬಕಾರ ಹಚ್ಚಿ ತೊಳಿ. ನಾಳಿಂದ ಕೆಲಸಕ್ಕ ಕೂಡೂ ಮೊದಲ ಕೈಗೆ ಔಡಲೆಣ್ಣಿ ಹಚ್ಚಿಕೊಂಡ ಕೂಡು. ಕಣ್ಣು ಮುಟ್ಟಬ್ಯಾಡ, ಮುಖ ಕೆರೀಬ್ಯಾಡ."

"ಮುಖ ತಿಂದ್ರ ಏನ ಮಾಡಲೇಕ್ಕ?"

"ಮೊಳಕೈಲೆ ಕೆರಕೋ."

ಹಾಗೇ ಮಾಡಿದಳು. ಉರಿ ಇಳಿಯಿತು. ಹೋಗಲಿಲ್ಲ, ಇಳಿಯಿತು. ಅದು ಪೂರಾ ಹೋಗುವುದು ಸುಗ್ಗಿ ಮುಗಿದ ಮೇಲೆಯೇ.

ರೇಣುಕವ್ವನಿಗೆ ಮೈಮೇಲೆ ಸಿಂಗಾರ ಅಂತ ಏನೂ ಇರಲಿಲ್ಲ, ಒಂದು ಟಿಕಳಿ ಬಿಟ್ಟು. ಬಳೆ ಅಂಗಡಿಯಲ್ಲಿ ಹಾಳೆಗೆ ಅಂಟಿಸಿ ಮಾರುತ್ತಾರಲ್ಲ, ಆ ಟಿಕಳಿ. ಮಖಮಲ್ಲಿನದು, ಕಡುಗೆಂಪು. ಮಲಗುವಾಗ ತೆಗೆದು ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಮತ್ತೆ ಹಣೆಗೆ. ಎಲ್ಲರೂ ಮಾಡುವುದೇ. ಆದರೆ ಗೋದಾಮಿನಲ್ಲಿ ಬೆವರು ಸುರಿಯುತ್ತದೆ, ಟಿಕಳಿ ನಿಲ್ಲುವುದಿಲ್ಲ. ಅವಳು ಅದಕ್ಕೊಂದು ದಾರಿ ಕಂಡುಕೊಂಡಿದ್ದಳು. ಮಾರ್ಕೆಟ್ಟಿನಲ್ಲಿ ಕಾಯಿ ಚೀಲದ ಮೇಲೆ ಚೀಟಿ ಅಂಟಿಸಲು ಗೋಂದು ಇಡುತ್ತಾರೆ. ಫಕ್ಕೀರಪ್ಪ ಅದನ್ನೇ ಒಂದು ಸಣ್ಣ ಡಬ್ಬಿಯಲ್ಲಿ ತಂದುಕೊಟ್ಟಿದ್ದ. ಕಡ್ಡಿಯ ತುದಿಯಿಂದ ಒಂದು ಹನಿ ಟಿಕಳಿಯ ಹಿಂದೆ ಹಚ್ಚಿ, ಒತ್ತಿ ಹಿಡಿಯುತ್ತಿದ್ದಳು.

"ಚೀಲಾ ಎತ್ತಿ ಲಾರಿಗೆ ಒಗದ್ರೂ ಚೀಟಿ ಬಿಚ್ಚೂದಿಲ್ಲಕ್ಕ. ಇದ ಬಿಚ್ಚತೈತೇನು?" ಅಂದಳು.

ಟಿಕಳಿಯ ಮಾತೇ ನನಗೆ ಬೇಡಾಗಿತ್ತು. ನಮ್ಮ ಮನೆಯವರು ಹೋದ ದಿನ ನನ್ನ ಹಣೆ ಒರೆಸಿದಾಗ ಕುಂಕುಮ ಇದ್ದ ಜಾಗ ತಿಳಿಯಾಗಿ ಕಾಣುತ್ತಿತ್ತು. ಅಷ್ಟು ವರ್ಷ ಬಿಸಿಲು ಕಾಣದ ಜಾಗ. ಕೆಲವು ತಿಂಗಳಿಗೆ ಅದೂ ಉಳಿದ ಹಣೆಯಂತೆ ಕಪ್ಪಾಯಿತು. ತೊಗಲು ಲಗೂನೆ ಮರೆಯುತ್ತದೆ.

ಹೋಳಿ ಹುಣ್ಣಿಮೆ ಹೊತ್ತಿಗೆ ರೇಣುಕವ್ವ ಮೊಳಕೈಯಿಂದ ಹಣೆ ಕೆರೆಯುವುದು ಹೆಚ್ಚಾಯಿತು. ಟಿಕಳಿಯ ಅಂಚಿಗೆ ಕೆಂಪು ಎದ್ದಿತು. ಆಮೇಲೆ ನೀರು ಸೋರಿತು. ಬೇವಿನ ಎಲೆ ಅರೆದು ಹಚ್ಚಿದಳು. ಅರಿಷಿಣ ಹಚ್ಚಿದಳು. ಮೆಡಿಕಲ್ ಅಂಗಡಿಗೆ ಹೋಗಿ "ತಿಂಡಿ, ಕೆರೆತ ಬಿಡಿಸೋ ಟ್ಯೂಬ್ ಕೊಡ್ರಿ" ಅಂತ ಕೇಳಿ ತಂದಳು. ಅದನ್ನು ಹಚ್ಚಿದರೆ ನಾಲ್ಕು ದಿನ ಆರಾಮ, ಬಿಟ್ಟರೆ ಮತ್ತೆ ಕೆರೆತ. ಮತ್ತೆ ಟ್ಯೂಬ್. ಯಾವ ಡಾಕ್ಟರನ್ನೂ ಕೇಳಲಿಲ್ಲ. ಇಷ್ಟಾದರೂ ಟಿಕಳಿ ಬಿಡಲಿಲ್ಲ. ಮುತ್ತೈದೆ ಹೇಗೆ ಬಿಡುತ್ತಾಳೆ? ಮೊದಲು ಕಡಲೆಕಾಳಿನಷ್ಟು ಇದ್ದ ಟಿಕಳಿ ನಾಲ್ಕಾಣೆಯಷ್ಟಾಯಿತು, ಆಮೇಲೆ ಎಂಟಾಣೆಯಷ್ಟು. ನಾನು ಅಂದುಕೊಂಡೆ, ಹೆಂಗಸಿಗೆ ಹುರುಪು ಬಂದೈತಿ ಅಂತ. ಖರೆ ಅಂದರೆ ಅವಳು ಕಲೆ ಮುಚ್ಚುತ್ತಿದ್ದಳು. ಕಲೆ ದೊಡ್ಡದಾದ ಹಾಗೆ ಟಿಕಳಿ ದೊಡ್ಡದು. ಟಿಕಳಿ ದೊಡ್ಡದಾದ ಹಾಗೆ ಗೋಂದು ಹೆಚ್ಚು, ಕಲೆ ಇನ್ನೂ ದೊಡ್ಡದು.

ಯುಗಾದಿ ಮುಗಿದು ಬಿಸಿಲು ಏರಿತ್ತು. ತಗಡಿನ ಚಾವಣಿ ಕೆಳಗೆ ಉಸಿರು ಕಟ್ಟುತ್ತಿತ್ತು. ರೇಣುಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮರುಗಳಿಗೆ ಹಣೆಗೆ ಅಂಗೈ ಒತ್ತಿಕೊಂಡು ಕಾಯಿರಾಶಿಯಲ್ಲಿ ಹುಡುಕತೊಡಗಿದಳು.

"ಏನ ಬಿತ್ತು?" ಅಂದೆ.

"ಟಿಕಳಿ."

ಕೆಂಪು ರಾಶಿಯಲ್ಲಿ ಕೆಂಪು ಟಿಕಳಿ. ಎಲ್ಲಿ ಸಿಗಬೇಕು? ನಾನೂ ಕೈಯಾಡಿಸಿದೆ. ಗುಮಾಸ್ತ ಯೂಸುಫಸಾಬ ಬಂದು ನಿಂತರು.

"ಏನ್ ನಡದೈತ್ ಬೇ ಇಲ್ಲಿ? ಬಂಗಾರ ಕಳಕೊಂಡವರಂಗ ಹುಡಕಾಕತ್ತೀರಿ."

"ಟಿಕಳಿ ಬಿದ್ದೈತ್ರಿ ಸಾಹೇಬ್ರ," ಅಂದಳು ಪ್ರೇಮವ್ವ. "ಸಿಗದಿದ್ರ ನಿಮ್ಮ ಕಾಯಿ ಜೋಡಿ ಪರದೇಶಕ್ಕ ಹೊಕ್ಕೈತಿ."

"ಹೋಗಲಿ ಬಿಡು, ಅಲ್ಲಿಯವರೂ ಹಚ್ಚಿಕೊಳ್ಳಲಿ. ಏ ರೇಣವ್ವಾ, ಕೈ ತಗದು ಕೆಲಸ ಮಾಡವ್ವಾ, ಒಂದ ಕೈಲೆ ಎಷ್ಟು ಬಿಡಸ್ತಿ?"

ಅವಳು ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಖಾರದ ಅಂಗೈ ಹಣೆಯ ಹಸಿ ತೊಗಲಿಗೆ ತಾಗಿ ಉರಿ ಹತ್ತಿತು. ತಡೆಯಲಾರದೆ ಕೈ ಬಿಟ್ಟಳು.

ಎಲ್ಲರೂ ನೋಡಿದರು. ಹಣೆಯ ನಡುವೆ ಗುಂಡಗೆ ಬೆಳ್ಳಗೆ. ಸುಣ್ಣದ ಬೊಟ್ಟು ಇಟ್ಟ ಹಾಗೆ.

ಯಾರೂ ನಗಲಿಲ್ಲ. ಪ್ರೇಮವ್ವ ತನ್ನ ನೀರಿನ ತಂಬಿಗೆ ಹತ್ತಿರಕ್ಕೆ ಎಳೆದುಕೊಂಡಳು. "ತೊನ್ನು," ಅಂದಳು. ಮೆಲ್ಲಗೇ ಅಂದಳು, ಆದರೆ ಇಡೀ ಗೋದಾಮಿಗೆ ಕೇಳಿತು.

ಮರುದಿನದಿಂದ ಸಾಲು ನಮ್ಮಿಬ್ಬರಿಂದ ಒಂದು ಗೇಣು ಸರಿಯಿತು. ನನಗೇನೂ ಅನ್ನಿಸಲಿಲ್ಲ. ಮೊದಲೇ ನಾನು ಕೊನೆಯಲ್ಲಿದ್ದೆ. ರೇಣುಕವ್ವ ಊಟ ಬಿಟ್ಟಳು. ರೊಟ್ಟಿ ಬಿಚ್ಚುವಳು, ಮತ್ತೆ ಕಟ್ಟುವಳು.

"ಉಚ್ಚಂಗಕ್ಕ, ನನ್ನ ಮೈತುಂಬ ಹರಡತೈತೇನು? ನನ್ನ ಮಕ್ಕಳಿಗೂ ಬರತೈತೇನು?" ಅಂತ ನನ್ನ ಕಡೆ ತಿರುಗಿದಳು.

"ನಂಗೇನ ಗೊತ್ತು? ಕೇಳೋಣ ನಡಿ."

ಅವಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ರೈಲಿನಲ್ಲಿ ಅವಳು ಸೆರಗನ್ನು ಹುಬ್ಬಿನತನಕ ಎಳೆದುಕೊಂಡು ಕುಂತಿದ್ದಳು. ಅಲ್ಲಿ ಚರ್ಮದ ಡಾಕ್ಟರ್ ಒಬ್ಬ ಹೆಣ್ಣುಮಗಳು. ಸಣ್ಣ ವಯಸ್ಸು, ಮಾತು ಚುರುಕು. ದೀಪ ಹಿಡಿದು ನೋಡಿದರು. ಏನೇನು ಹಚ್ಚಿದಿರಿ ಅಂತ ಕೇಳಿದರು. ಗೋಂದಿನ ಮಾತು ಬಂದಾಗ ಕನ್ನಡಕ ತೆಗೆದರು.

"ಚೀಲಕ್ಕ ಹಚ್ಚೋ ಗೋಂದು? ಹಣಿಗೆ?"

"ಹೂಂ ರೀ."

"ಇದು ಅಂಟುರೋಗ ಅಲ್ಲವ್ವಾ. ಮಕ್ಕಳಿಗೆ ಬರೂದಿಲ್ಲ, ನಿನ್ನ ಜೋಡಿ ಉಂಡವರಿಗೂ ಬರೂದಿಲ್ಲ. ಅಂಟಿನ್ಯಾಗ ಇರೋ ಔಷಧ ತೊಗಲಿನ ಬಣ್ಣ ಸುಟ್ಟೈತಿ. ಕೆಲವರಿಗೆ ಅಂಗಡಿ ಟಿಕಳಿ ಅಂಟಿಗೂ ಹಿಂಗ ಆಗತೈತಿ, ನೀ ಅದರಮ್ಯಾಲ ಗೋಂದು ಬ್ಯಾರೆ ಹಚ್ಚೀದಿ. ಆ ಟ್ಯೂಬ್ ಒಗಿ, ಅದು ತೊಗಲು ತೆಳ್ಳಗ ಮಾಡತೈತಿ. ನಾ ಬ್ಯಾರೆ ಮಲಾಮು ಕೊಡ್ತೀನಿ. ಬಿಸಲಾಗ ಹಣಿಮ್ಯಾಲ ಸೆರಗು ಇರಲಿ. ಕೆರೀಬ್ಯಾಡ. ಬಣ್ಣ ಬರತೈತಿ. ತಡಾ ಆಗತೈತಿ, ತಿಂಗಳಾನಗಟ್ಟಲೆ ಆಗಬಹುದು."

ರೇಣುಕವ್ವ ಅಳತೊಡಗಿದಳು. ಸಮಾಧಾನಕ್ಕೆ ಅತ್ತಳು. ಡಾಕ್ಟರ್ ಮುಂದಿನ ಮಾತು ಹೇಳಿದರು.

"ಬಣ್ಣ ಬರೂತನಕ ಅಲ್ಲಿ ಏನೂ ಹಚ್ಚಬಾರದು. ಟಿಕಳಿ ಬ್ಯಾಡ, ಕುಂಕುಮಾನೂ ಬ್ಯಾಡ."

"ಕುಂಕುಮಾನೂ ಬ್ಯಾಡೇನ್ರಿ?"

"ಬ್ಯಾಡ. ಖಾಲಿ ಬಿಡಬೇಕು." ಡಾಕ್ಟರ್ ನನ್ನ ಕಡೆ ಕೈ ಮಾಡಿದರು. "ನೋಡು, ಇವರು ಬಿಟ್ಟಾರಲ್ಲ, ಹಂಗ."

ಅವರಿಗೆ ಗೊತ್ತಿರಲಿಲ್ಲ. ಆಮೇಲೆ ನನ್ನ ಕೊರಳು ನೋಡಿದರು, ಕೈ ನೋಡಿದರು, ತಲೆ ತಗ್ಗಿಸಿ ಚೀಟಿ ಬರೆದರು. ರೇಣುಕವ್ವ ಹಿಂತಿರುಗುವಾಗ ದಾರಿಯುದ್ದ ನನ್ನ ಮುಖ ನೋಡಲಿಲ್ಲ. ಸ್ಟೇಷನ್ನಿಗೆ ಬಂದ ಮೇಲೆ ಅಂದಳು, "ನಿನ್ನಂಗ ಇರೂದು ಹೆಂಗಕ್ಕ? ಅಂವ ಇರೂವಾಗ?"

ಆ ಮಾತು ಅವಳು ನನ್ನನ್ನು ಚುಚ್ಚಲು ಆಡಿದ್ದಲ್ಲ.

ಮನೆಯಲ್ಲಿ ಏನಾಯಿತು ಅಂತ ನನಗೆ ಗೊತ್ತು. ಅತ್ತೆಗೆ ತಿಳಿಸಿ ಹೇಳು ಬಾ ಅಂತ ನನ್ನನ್ನೂ ಎಳೆದುಕೊಂಡು ಹೋಗಿದ್ದಳು.

ಗದಿಗೆವ್ವ ಮುದುಕಿ. ಅವಳೂ ಗಂಡ ಸತ್ತವಳೇ. ಹಣೆಯ ನಡುವೆ ಹಸಿರು ಹಚ್ಚೆಬೊಟ್ಟು ಐತಿ, ಸಣ್ಣಂದಿನಲ್ಲಿ ಸೂಜಿಯಿಂದ ಚುಚ್ಚಿಸಿದ್ದು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ನನ್ನ ಮಗ ಬದುಕ್ಯಾನ," ಅಂದಳು.

"ಬದುಕಿರಲಿ ದೊಡ್ಡವ್ವಾ. ನೂರು ವರ್ಷ ಇರಲಿ. ಇದು ರೋಗದ ಮಾತು."

"ಹಣಿ ಬೋಳು ಮಾಡಿಕೊಂಡು ಓಣ್ಯಾಗ ತಿರಗಿದ್ರ ಮಂದಿ ಏನಂತಾರ? ಫಕ್ಕೀರ ಯಾವಾಗ ಹ್ವಾದ ಅಂತ ಕೇಳೂದಿಲ್ಲ?"

"ಕೇಳಿದ್ರ ಹೇಳೋದು, ಹಣಿಗೆ ಗಾಯ ಆಗೈತಿ ಅಂತ."

"ನಿನ್ನ ಮಗ್ಗಲಕ ಕುಂತಾಗಿಂದ ಹಿಂಗಾಗೈತಿ ಉಚ್ಚಂಗಿ. ನಿನ್ನ ಹಣಿ ಬೋಳಾತು, ನನ್ನ ಸೊಸೀದೂ ಆಗಬೇಕೇನು?"

ರೇಣುಕವ್ವ "ಅತ್ತಿ, ಸುಮ್ಮನಿರ್ರಿ" ಅಂದಳು. ಗದಿಗೆವ್ವ ಸುಮ್ಮನಾಗಲಿಲ್ಲ. ಬೇರೆ ದಾರಿ ಹೇಳಿದಳು.

"ಹಂಗಿದ್ರ ಹಚ್ಚಿ ಹಾಕಸೋಣ. ಸಂತಿಗೆ ಬರ್ತಾಳ ಒಬ್ಬಾಕಿ. ಒಂದ ಸಲ ಚುಚ್ಚಿಸಿದ್ರ ಟಿಕಳಿನೂ ಬ್ಯಾಡ, ಗೋಂದೂ ಬ್ಯಾಡ. ನೋಡು ನಂದು. ನಿಮ್ಮ ಮಾವ ಹೋದಾಗ ಇದರಮ್ಯಾಲ ನೀರಹಾಕಿ ತಿಕ್ಕಿದ್ರು. ಹೋತೇನು? ಇವತ್ತಿಗೂ ಐತಿ."

ಆ ಮಾತು ಹೇಳುವಾಗ ಮುದುಕಿ ಹಚ್ಚೆಯ ಮೇಲೆ ಬೆರಳಿಟ್ಟುಕೊಂಡಿದ್ದಳು. ನನಗೆ ಸಿಟ್ಟು ಬಂದಿದ್ದು ಇಳಿಯಿತು. ಅವಳಿಗೂ ಉಳಿದದ್ದು ಅದೊಂದೇ.

"ಗಾಯದಮ್ಯಾಲ ಸೂಜಿ ಚುಚ್ಚಿದ್ರ ಕಲಿ ಇನ್ನೂ ಹರಡತೈತಿ ದೊಡ್ಡವ್ವಾ," ಅಂದು ಎದ್ದು ಬಂದೆ.

ರೇಣುಕವ್ವ ಹಚ್ಚೆಗೂ ಒಪ್ಪಲಿಲ್ಲ, ಕುಂಕುಮಕ್ಕೂ ಒಪ್ಪಲಿಲ್ಲ. ಮಲಾಮು ಹಚ್ಚಿಕೊಂಡು ಖಾಲಿ ಹಣೆಯಲ್ಲೇ ಕೆಲಸಕ್ಕೆ ಬಂದಳು. ಅದು ಹೇಳುವಷ್ಟು ಸುಲಭ ಇರಲಿಲ್ಲ. ಓಣಿಯಲ್ಲಿ ಒಂದು ಮದುವೆಯಾಯಿತು. ಅರಿಷಿಣ ಕುಂಕುಮದ ತಟ್ಟೆ ಹಿಡಿದವಳು ರೇಣುಕವ್ವನ ಮುಂದೆ ಒಂದು ಗಳಿಗೆ ನಿಂತು, ಮುಂದಿನವಳ ಕಡೆ ಹೋದಳು. ತಟ್ಟೆ ಹಿಡಿದವಳು ಬೇರೆ ಊರಿನವಳು, ಏನೂ ತಿಳಿಯದು. ರೇಣುಕವ್ವ ಎದ್ದು ಬಂದು ಹಿಂದೆ ನನ್ನ ಹತ್ತಿರ ಕುಂತಳು.

"ಇಲ್ಲೇ ಛಲೋ ಐತಿ, ಗಾಳಿ ಬರತೈತಿ," ಅಂದಳು. ಅಲ್ಲಿ ಗಾಳಿ ಬರುತ್ತಿರಲಿಲ್ಲ.

ಆದರೆ ಕಲೆಯ ಅಂಚಿಗೆ ಸಾಸಿವೆ ಕಾಳಿನಂಥ ಕಂದು ಚುಕ್ಕೆ ಮೂಡತೊಡಗಿದವು. ದಿನಾ ಮುಂಜಾನೆ ನನಗೆ ಹಣೆ ತೋರಿಸುವಳು. "ನೋಡಕ್ಕ, ನಿನ್ನೆಗಿಂತ ಹೆಚ್ಚು ಅದಾವೇನು?" ನಾನು ಹೂಂ ಅನ್ನುವೆ. ಕೆಲವು ದಿನ ಖರೆ ಹೂಂ, ಕೆಲವು ದಿನ ಸುಮ್ಮನೆ ಹೂಂ.

ಆ ಹೊತ್ತಿಗೆ ಫಕ್ಕೀರಪ್ಪನಿಗೆ ಪೆಟ್ಟಾಯಿತು. ಲಾರಿಗೆ ಹೇರುವಾಗ ಹಲಗೆಯ ಮೇಲೆ ಕಾಲು ಜಾರಿತು, ಚೀಲದ ಸಮೇತ ಬಿದ್ದ. ಹಿಮ್ಮಡಿಯ ಎಲುಬು ಸೀಳಿತು. ಹಮಾಲರಿಗೆ ಇಂಥದ್ದು ಹೊಸದಲ್ಲ, ಪ್ರತಿ ಸುಗ್ಗಿಗೂ ಒಬ್ಬರಲ್ಲ ಒಬ್ಬರು ಬೀಳುತ್ತಾರೆ. ಆದರೆ ಈ ಸಲ ಎಲ್ಲರೂ ಕಾಲು ನೋಡಲಿಲ್ಲ, ರೇಣುಕವ್ವನ ಹಣೆ ನೋಡಿದರು.

ನಾನು ನೋಡಲು ಹೋದಾಗ ಫಕ್ಕೀರಪ್ಪ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಗದಿಗೆವ್ವ ಕುಂಕುಮದ ಡಬ್ಬಿ ಹಿಡಿದು ಸೊಸೆಯ ಮುಂದೆ ನಿಂತಿದ್ದಳು.

"ಇವತ್ತ ಕಾಲು. ನಾಳೆ ಏನ ಕಾದೈತೋ. ಹಚ್ಚಿಕೋ."

ರೇಣುಕವ್ವ ಗಂಡನ ಕಡೆ ತಿರುಗಿದಳು. "ನೀವ ಹೇಳ್ರಿ. ಹಚ್ಚಿಕೊಳ್ಳಲೋ, ಬಿಡಲೋ?"

ಅವನು ಗೋಡೆ ಕಡೆ ಹೊರಳಿದ. ಆ ಕಡೆಯಿಂದಲೇ ಅಂದ, "ನಂಗ ಅಂಜಿಕಿ ಬರತೈತಿ."

ಒಳ್ಳೆಯ ಮನುಷ್ಯ ಅವನು. ಹೆಂಡತಿಗೆ ಕೈ ಮಾಡಿದವನಲ್ಲ. ಅಂಜಿದ್ದು ಖರೆ, ಖರೆನೇ ಹೇಳಿದ. ರೇಣುಕವ್ವ ಡಬ್ಬಿ ತೆಗೆದುಕೊಂಡು ಕುಂಕುಮ ಇಟ್ಟುಕೊಂಡಳು. ಗದಿಗೆವ್ವ ಆಗ ಕುಂತಳು.

ಒಂದು ವಾರಕ್ಕೆ ಹಣೆ ಮತ್ತೆ ಕೆಂಪಾಯಿತು. ಮೂಡಿದ ಚುಕ್ಕೆಗಳು ಕಾಣದಾದವು. ಒಂದು ಮುಂಜಾನೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ನನ್ನ ಬಾಗಿಲಿಗೆ ಬಂದಳು.

"ಅಕ್ಕ, ನಿನ್ನ ಮನ್ಯಾಗ ಅಳಿಸಿಕೊಂಡು ಹೋಗ್ತೇನಿ. ಸಂಜಿಮುಂದ ಇಲ್ಲೇ ಹಚ್ಚಿಕೊಂಡು ಮನಿಗೆ ಹೋಗ್ತೇನಿ. ಅವರು ನೋಡೋ ಹೊತ್ತಿನ್ಯಾಗ ಹಣಿಮ್ಯಾಲ ಇದ್ರಾತು."

"ಗೊತ್ತಾದ್ರ?"

"ನೀ ಹೇಳಿದ್ರ ಗೊತ್ತಾಗತೈತಿ."

ಒಳಗೆ ಕರೆದೆ. ಕೊಬ್ಬರಿ ಎಣ್ಣೆಯಲ್ಲಿ ಮೆತ್ತನ್ನ ಅರಿವೆ ಅದ್ದಿ ಮೆಲ್ಲಗೆ ಒರೆಸಿದಳು. ತಿಕ್ಕಬಾರದು, ಒತ್ತಿ ತೆಗೆಯಬೇಕು. ಆಮೇಲೆ ಮಲಾಮು. ಸಂಜೆ ಕೆಲಸದಿಂದ ಬಂದು ಕೈಗೆ ಎಣ್ಣೆ, ಸಬಕಾರ, ಆಮೇಲೆ ಮುಖ ತೊಳೆದು ಕುಂಕುಮ. ಅದಕ್ಕೆ ಒಂದು ಡಬ್ಬಿ ನನ್ನ ಮನೆಯಲ್ಲೇ ಇಟ್ಟಳು. ನಮ್ಮ ಮನೆಯವರು ಹೋದ ದಿನ ನನ್ನ ಡಬ್ಬಿ ತಂಗಿ ಒಯ್ದಿದ್ದಳು, ಕಣ್ಣಿಗೆ ಬೀಳಬಾರದು ಅಂತ. ಈಗ ಮತ್ತೊಂದು ಬಂದು ಗೋಡೆಯ ಗೂಡಿನಲ್ಲಿ ಕುಂತಿತು. ಅಡಿಗೆ ಮಾಡುವಾಗ ಕಾಣುತ್ತಿತ್ತು. ತಿರುಗಿ ಕುಂತರೂ ಅದು ಅಲ್ಲಿ ಇದ್ದದ್ದು ಗೊತ್ತಾಗುತ್ತಿತ್ತು. ತೆಗಿ ಅಂತ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಅವಳಿಗೆ ಬೇರೆ ಮನೆ ಎಲ್ಲಿತ್ತು?

ಹೀಗೇ ಮಳೆಗಾಲ ಬಂತು. ಫಕ್ಕೀರಪ್ಪನ ಕಾಲು ಕೂಡಿತು. ಮತ್ತೆ ಹಮಾಲಿಗೆ ಹತ್ತಿದ. ಕೋಲ್ಡ್ ಸ್ಟೋರೇಜಿನಿಂದ ಕಾಯಿ ತೆಗೆಯುತ್ತಿದ್ದರು, ನಮಗೂ ಕೆಲಸ ಇತ್ತು. ರೇಣುಕವ್ವನ ಹಣೆ ಮಾತ್ರ ಇದ್ದಲ್ಲೇ ಇತ್ತು. ಹಗಲು ಒಂದಿಷ್ಟು ಸುಧಾರಿಸುವುದು, ಬೆಳಿಗ್ಗೆ ನೋಡಿದರೆ ಮತ್ತೆ ಕೆಂಪು. ರಾಣೆಬೆನ್ನೂರಿಗೆ ಎರಡನೇ ಸಲ ಹೋದೆವು.

ಡಾಕ್ಟರ್ ದೀಪ ಹಿಡಿದು ನೋಡಿದರು. "ಏನರ ಹಚ್ಚಾಕತ್ತೀಯೇನು?"

"ಇಲ್ರಿ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಕಿಡಕಿ ನೋಡಿದೆ.

"ಹಿಂಗಾದ್ರ ಬಣ್ಣ ಬರೂದಿಲ್ಲವ್ವಾ. ಇದ್ದ ಬಣ್ಣಾನೂ ಹೋದೀತು. ಅರ್ಧಾ ದಿನ ಬಿಟ್ಟು ಅರ್ಧಾ ದಿನ ಹಚ್ಚಿದ್ರ ತೊಗಲಿಗೆ ಏನ ತಿಳೀಬೇಕು?"

ಹೊರಗೆ ಬಂದು ರೇಣುಕವ್ವ ಕಟ್ಟೆಯ ಮೇಲೆ ಕುಂತಳು. "ಸಾಕಾಗೈತೆಕ್ಕ," ಅಂದಳು. "ಹಣಿ ಒಂದು ಇರದಿದ್ರ ಛಲೋ ಇತ್ತು." ನನಗೂ ಸಾಕಾಗಿತ್ತು. ಯಾರಿಗೆ ಹೇಳುವುದು? ಇಬ್ಬರೂ ಚಹಾ ಕುಡಿದು ರೈಲು ಹತ್ತಿದೆವು.

ಅದಾದ ಮೇಲೆ ಒಂದು ಮುಂಜಾನೆ. ರೇಣುಕವ್ವ ನನ್ನ ಮನೆಯಲ್ಲಿ ಕನ್ನಡಿ ಮುಂದೆ ಕುಂತು ಎಣ್ಣೆ ಅರಿವೆಯಿಂದ ಹಣೆ ಒತ್ತುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅವಳು ರೊಟ್ಟಿಯ ಗಂಟು ಮನೆಯಲ್ಲೇ ಮರೆತು ಬಂದಿದ್ದಳು. ಫಕ್ಕೀರಪ್ಪ ಮಾರ್ಕೆಟ್ಟಿಗೆ ಹೋಗುತ್ತ ಅದನ್ನು ಕೊಟ್ಟು ಹೋಗಲು ಬಂದ. ಹೊಸ್ತಿಲಲ್ಲಿ ನಿಂತುಬಿಟ್ಟ.

"ಏನ ಮಾಡಾಕತ್ತಿ?"

ರೇಣುಕವ್ವ ಅರಿವೆ ಇಳಿಸಿದಳು. ಅರಿವೆ ಕೆಂಪಾಗಿತ್ತು. "ಅಳಿಸಾಕತ್ತೇನ್ರಿ."

"ದಿನಾ ಅಳಸ್ತಿಯೇನು?"

"ದಿನಾ. ಸಂಜಿಮುಂದ ಹಚ್ಚಿಕೊಂಡು ಬರ್ತೇನಿ."

"ಅಂದ್ರ ನಾ ಚೀಲಾ ಹೊರೋ ಹೊತ್ತಿನ್ಯಾಗ..."

"ಹೂಂ. ನೀವು ಹೊರೋ ಹೊತ್ತಿನ್ಯಾಗ ಖಾಲಿನ ಇರತೈತಿ."

ಫಕ್ಕೀರಪ್ಪ ಅಲ್ಲೇ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕುಂತ. ಮುಖದಲ್ಲಿ ಸಿಟ್ಟು ಬಂತು.

"ನನ್ನ ಜೀವದ ಜೋಡಿ ಆಟ ಆಡೀದಿ ನೀ. ನನ್ನ ಒಂದ ಮಾತ ಕೇಳಬೇಕಿಲ್ಲ?"

"ಕೇಳಿದ್ನಲ್ರಿ. ನೀವು ಗೋಡಿ ಕಡೆ ಹೊಳ್ಳಿದ್ರಿ."

ಅವನು ಹಿಮ್ಮಡಿ ತಿಕ್ಕಿಕೊಂಡ. ನಾನು ನೀರು ಕೊಟ್ಟೆ, ಕುಡಿದ. ತಂಬಿಗೆ ಕೊಡುವಾಗ ನನ್ನ ಹಣೆ ನೋಡಿದ. ಅಷ್ಟು ತಿಂಗಳಲ್ಲಿ ನನ್ನ ಮುಖವನ್ನು ಅವನು ನೇರ ನೋಡಿದ್ದು ಅದೇ ಮೊದಲು.

"ಅಕ್ಕಾರ, ಒಂದ ಮಾತು ಕೇಳಲೇನ್ರಿ?"

"ಕೇಳು ತಮ್ಮಾ."

"ಅಣ್ಣಾರು ಇದ್ದಾಗ ನೀವು ಕುಂಕುಮ ಬಿಟ್ಟಿದ್ರೇನು? ಯಾವಾಗರ ಒಂದ ದಿನ?"

"ಇಲ್ಲ. ಒಂದ ದಿನಾನೂ ಬಿಟ್ಟಿಲ್ಲ. ಜ್ವರದಾಗೂ ಬಿಟ್ಟಿಲ್ಲ."

"ಆದ್ರೂ ಹ್ವಾದ್ರು."

"ಹ್ವಾದ್ರು."

ನಮ್ಮ ಮನೆಯವರು ಹೋದ ಮೇಲೆ ಬಂದವರೆಲ್ಲ ನಾನು ಏನೋ ಬಿಟ್ಟಿದ್ದೆ, ಏನೋ ತಪ್ಪಿದ್ದೆ ಅನ್ನುವ ಹಾಗೆ ನೋಡಿದ್ದರು. ನಾನೂ ಹುಡುಕಿದ್ದೆ, ಎಲ್ಲಿ ತಪ್ಪಿದೆ ಅಂತ. ಈ ಹಮಾಲ ಮನುಷ್ಯ ಹೊಸ್ತಿಲ ಹೊರಗೆ ಕುಂತು ಅದನ್ನು ಎರಡು ಮಾತಿನಲ್ಲಿ ಹೇಳಿದ. ನನಗೆ ಅಳು ಬಂತು. ಒಲೆ ಕಡೆ ಹೋದೆ.

ಹಿಂದೆ ಅವನ ದನಿ ಕೇಳಿಸಿತು. "ಸಂಜಿಮುಂದ ಹಂಗ ಬಾ ಮನಿಗೆ."

"ಅತ್ತಿ?"

"ಅವ್ವಗ ನಾ ಹೇಳ್ತೇನಿ."

"ಅವರು ಕೇಳೂದಿಲ್ರಿ."

"ಕೇಳದಿದ್ರ ಬಯ್ತಾಳ. ಬಯ್ಯಲಿ. ನನ್ನ ಬಯ್ಯಲಿ." ಎದ್ದ. "ನಂಗ ಇನ್ನೂ ಅಂಜಿಕಿ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಅದು ನನ್ನ ಅಂಜಿಕಿ. ನಿನ್ನ ಹಣಿಮ್ಯಾಲ ಯಾಕ ಇಡಬೇಕು?"

ರೊಟ್ಟಿ ಗಂಟು ಹೊಸ್ತಿಲ ಮೇಲಿಟ್ಟು ಹೋದ. ಕುಂಟುತ್ತಿದ್ದ ಇನ್ನೂ.

ಗದಿಗೆವ್ವ ಬೈದಳು. ಬರೀ ಬೈಯಲಿಲ್ಲ, ಅತ್ತಳು. ಸೊಸೆ ಮಾಡಿದ ಅಡಿಗೆ ಮುಟ್ಟದೆ ಬೇರೆ ಒಲೆ ಹೂಡಿಕೊಂಡಳು. ಮಗ ಕೆಲಸಕ್ಕೆ ಹೊರಟಾಗ ದಿನಾ ಅವನ ಹಣೆಗೆ ದೇವರ ಅಂಗಾರದ ಬೂದಿ ಹಚ್ಚಿ ಕಳಿಸುವಳು. ಅವನು ಬೇಡ ಅನ್ನಲಿಲ್ಲ. ನನ್ನ ಜೊತೆ ಮುದುಕಿ ಇವತ್ತಿಗೂ ಮಾತಾಡುವುದಿಲ್ಲ.

ರೇಣುಕವ್ವ ಡಬ್ಬಿ ತಿರುಗಿ ಒಯ್ದಳು. ಹಣೆ ಖಾಲಿ ಬಿಟ್ಟುಕೊಂಡೇ ಶ್ರಾವಣ ಕಳೆಯಿತು, ದೀಪಾವಳಿ ಕಳೆಯಿತು. ಓಣಿಯಲ್ಲಿ ಕೇಳುವವರು ಕೇಳಿದರು. "ಯಾವಾಗ ಆತವ್ವಾ?" ಅಂತ ಒಬ್ಬ ಮುದುಕಿ ಮರುಗಿ ಅವಳ ಕೈ ಹಿಡಿದುಕೊಂಡಳಂತೆ. "ಏನೂ ಆಗಿಲ್ಲ ಆಯಿ, ನನ್ನ ಗಂಡ ಹಮಾಲಿಗೆ ಹೋಗ್ಯಾನ, ಸಂಜಿಗೆ ಬರ್ತಾನ" ಅಂದಳಂತೆ ಇವಳು. ಗೋದಾಮಿನಲ್ಲಿ ಅದನ್ನು ಹೇಳಿದಾಗ ಪ್ರೇಮವ್ವ ಬಿದ್ದು ಬಿದ್ದು ನಕ್ಕಳು. ಸಾಲು ಒಂದು ಗೇಣು ಇತ್ತ ಸರಿದಿತ್ತು ಆ ಹೊತ್ತಿಗೆ.

ಬಣ್ಣ ಅಂಚಿನಿಂದ ಒಳಗೆ ಬಂತು, ಬಾಳ ಸಾವಕಾಶ. ಪೂರಾ ಬರಲಿಲ್ಲ. ನಡುವೆ ಜೋಳದ ಕಾಳಿನಷ್ಟು ಬಿಳುಪು ಉಳಿಯಿತು. ಅದು ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರ್. ಹಬ್ಬಕ್ಕೆ ಬೇಕಾದರೆ ಬೈತಲೆಗೆ ಚೂರು ಕುಂಕುಮ ಇಟ್ಟುಕೋ, ಹಣೆಗೆ ಬೇಡ ಅಂದರು.

"ಬೈತಲಿಗೆ ಇಟ್ಟುಕೊಳ್ಳಲೇನ್ರಿ?" ಅಂತ ರೇಣುಕವ್ವ ಫಕ್ಕೀರಪ್ಪನನ್ನು ಕೇಳಿದಳಂತೆ.

"ನಿನಗ ಬೇಕಾದ್ರ ಇಟ್ಟುಕೋ," ಅಂದನಂತೆ ಅವನು.

ಹಬ್ಬದ ದಿನ ನೋಡಿದೆ. ಇಟ್ಟುಕೊಂಡಿರಲಿಲ್ಲ. ಯಾಕ ಅಂತ ನಾನು ಕೇಳಲಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ನನ್ನ ಪಕ್ಕ ಕುಂತು ಕಾಯಿ ಎಳೆದುಕೊಂಡಳು.